ಅಗ್ಗದ ಅಂಗಡಿ, ದುಬಾರಿ ಸಾರು

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬಂದಿಳಿದ ಕನ್ನಡಿಗರು ಮೊದಲು ವಿಚಾರಿಸುವುದು ದೋಸೆ ಎಲ್ಲಿ ಸಿಗುತ್ತದೆ ಎಂದು. ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಅನೇಕರ ಕಾಲು ಸ್ಟೋರಿ ರಸ್ತೆ, ಟಲ್ಲಿ ರಸ್ತೆಗಳ ಕಡೆ ಎಳೆಯತೊಡಗುತ್ತದೆ. ವಿಯೆಟ್ನಾಂ ಬಿಟ್ಟರೆ ಪ್ರಪಂಚದ ಬೇರಾವ ನಗರದಲ್ಲೂ ಇಲ್ಲಿರುವಷ್ಟು ವಿಯೆಟ್ನಾಮೀಯರಿಲ್ಲ; ಲಕ್ಷಕ್ಕೂ ಮೀರಿ ಇದ್ದಾರೆ. ಅವರ ಫೋ ಎಂದರೆ ಬಿಸಿ ಮೂಳೆಸಾರಿನಲ್ಲಿ ಮುಳುಗಿಸಿದ ಅಕ್ಕಿಯ ಚಪ್ಪಟೆ ಶಾವಿಗೆ. ದೊಡ್ಡ ಬಟ್ಟಲೊಂದಕ್ಕೆ ಈಗ ಹೆಚ್ಚುಕಡಿಮೆ 15 ಡಾಲರ್. ರೂಪಾಯಿಯಲ್ಲಿ ಲೆಕ್ಕ ಹಾಕುತ್ತ ಕುಳಿತರೆ ಗಂಟಲಲ್ಲಿ ಇಳಿಯದು. ಈ ಊರಿನ ದರದಲ್ಲಿ ಮಾತ್ರ ಇದು ಬಡವರ ಊಟವೇ.

ಅಗ್ಗ ಕಾಣುವುದು ಅಂಗಡಿಯಲ್ಲಿ. ಟ್ಯೂಬ್‌ಲೈಟು, ಒರೆಸಿ ಒರೆಸಿ ಬಣ್ಣ ಮಾಸಿದ ಮೇಜು, ಗೋಡೆಯ ಮೇಲೆ ಯಾರೂ ನೋಡದ ಟೀವಿ. ತಿಂಡಿಗಳಿಗೆಲ್ಲ ಸಂಖ್ಯೆ ಇರುತ್ತದೆ. ಹೆಸರು ಉಚ್ಚರಿಸಲು ತಿಣುಕಬೇಕಿಲ್ಲ, ಸಂಖ್ಯೆ ಹೇಳಿದರೆ ಐದಾರು ನಿಮಿಷದಲ್ಲಿ ಬಟ್ಟಲು ಮುಂದಿರುತ್ತದೆ. ನಮ್ಮ ದರ್ಶಿನಿಗಳ ಹಾಗೆ ಇಲ್ಲೂ ಒಬ್ಬಂಟಿಯಾಗಿ ಬಂದವನನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಉಂಡು ಎದ್ದು, ಗಲ್ಲಾಪೆಟ್ಟಿಗೆಯ ಬಳಿ ಹೋಗಿ ದುಡ್ಡು ಕೊಡಬೇಕು. ಕೆಲವು ಕಡೆ ಕಾರ್ಡು ನಡೆಯುವುದಿಲ್ಲ.

ಸಾರಿನ ವಿಷಯದಲ್ಲಿ ಇವರು ಕೈ ಬಿಗಿ ಹಿಡಿಯುವುದಿಲ್ಲ. ಮೂಳೆಗಳನ್ನು ಒಮ್ಮೆ ಕುದಿಸಿ ಆ ನೀರನ್ನು ಚೆಲ್ಲಿ, ಮತ್ತೆ ಹೊಸ ನೀರಿನಲ್ಲಿ ಸಣ್ಣ ಉರಿಯ ಮೇಲೆ ಗಂಟೆಗಟ್ಟಲೆ, ಎಷ್ಟೋ ಕಡೆ ಇಡೀ ರಾತ್ರಿ, ಬೇಯಿಸುತ್ತಾರೆ. ಶುಂಠಿ, ಈರುಳ್ಳಿಯನ್ನು ಸಿಪ್ಪೆ ಕರಿಯಾಗುವಂತೆ ಸುಟ್ಟು ಹಾಕುತ್ತಾರೆ. ಚಕ್ಕೆ, ಲವಂಗ, ಚಕ್ರಮೊಗ್ಗು, ಕೊತ್ತಂಬರಿ ಬೀಜ ಎಲ್ಲ ನಮ್ಮ ಮಸಾಲೆ ಡಬ್ಬಿಯವೇ. ಆದರೆ ಪುಡಿ ಮಾಡುವುದಿಲ್ಲ, ಸಾರು ಕದಡಬಾರದು. ಕೊನೆಗೆ ಬರುವುದು ಮೀನಿನ ರಸ. ಜೊತೆಗೆ ಒಂದು ತಟ್ಟೆಯ ತುಂಬ ಹೆಸರುಕಾಳಿನ ಮೊಳಕೆ, ಕಾಮಕಸ್ತೂರಿ, ನಿಂಬೆ ಹೋಳು, ಹಸಿಮೆಣಸಿನಕಾಯಿ. ಸಾರನ್ನು ಒಂದು ಚಮಚ ಬರಿದೇ ಕುಡಿದು ನೋಡುವ ಮೊದಲೇ ಅದಕ್ಕೆ ಕೆಂಪು ಸಾಸ್ ಸುರಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. (ಹುಂಜದ ಚಿತ್ರದ ಆ ಶ್ರೀರಾಚಾ ಬಾಟಲಿಯೂ ನಿರಾಶ್ರಿತನ ಕೈಯದೇ. ವಿಯೆಟ್ನಾಂ ತೊರೆದು ಬಂದ ಡೇವಿಡ್ ಟ್ರಾನ್ ತನ್ನನ್ನು ಹೊತ್ತು ತಂದ ಹಡಗಿನ ಹೆಸರನ್ನೇ ಕಂಪನಿಗೆ ಇಟ್ಟರು.)

ಅಂಗಡಿಗಳ ಹೆಸರಿನಲ್ಲೂ ಸಂಖ್ಯೆಗಳಿರುತ್ತವೆ. ಎಲ್ಲವೂ ಅಲ್ಲದಿದ್ದರೂ ಕೆಲವು ಇಸವಿಗಳು. ಫೋ ಹುಟ್ಟಿದ್ದು ಉತ್ತರ ವಿಯೆಟ್ನಾಮಿನಲ್ಲಿ. 1954ರಲ್ಲಿ ದೇಶ ಇಬ್ಭಾಗವಾದಾಗ ಲಕ್ಷಾಂತರ ಜನ ದಕ್ಷಿಣಕ್ಕೆ ಹೋದರು, ಜೊತೆಯಲ್ಲಿ ಫೋ ಕೂಡ ಹೋಯಿತು; ಸೊಪ್ಪು, ಮೊಳಕೆಯ ತಟ್ಟೆ ಸೇರಿಕೊಂಡದ್ದು ದಕ್ಷಿಣದಲ್ಲಿ. 1975ರ ಏಪ್ರಿಲ್ 30ರಂದು ದಕ್ಷಿಣ ವಿಯೆಟ್ನಾಮಿನ ರಾಜಧಾನಿ ಸೈಗಾನ್ ಉತ್ತರದ ಸೇನೆಯ ಕೈಗೆ ಬಿತ್ತು. ಅಲ್ಲಿಂದ ತಪ್ಪಿಸಿಕೊಂಡು ಬಂದವರ ಇಲ್ಲಿನ ಮಳಿಗೆಗಳ ಮುಂದೆ ಈಗಲೂ ಹಾರುವುದು ಆ ಇಲ್ಲದ ದೇಶದ ಬಾವುಟ, ಹಳದಿಯ ಮೇಲೆ ಮೂರು ಕೆಂಪು ಪಟ್ಟಿ.

ನಾನು ಕೋಳಿಯ ಫೋ ತಿನ್ನುವವನು. ದನದ ಮಾಂಸ ಬೇಡವೆನ್ನುವವರು ಫೋ ಗಾ ಎಂದು ಕೇಳಿದರೆ ಸಾಕು. ಪೇಚಾಟ ಸಸ್ಯಾಹಾರಿಗಳದು: ಸಾಮಾನ್ಯ ಅಂಗಡಿಯಲ್ಲಿ ತರಕಾರಿ ಫೋ ಎಂದರೆ ಮೇಲೆ ತರಕಾರಿ, ಅಡಿಯಲ್ಲಿ ಎಷ್ಟೋ ಸಲ ಅದೇ ಮೂಳೆಸಾರು. ಅವರು ಹುಡುಕಬೇಕಾದದ್ದು ಫಲಕದ ಮೇಲೆ ಚಾಯ್ ಎಂದಿರುವ ಅಂಗಡಿ. ಅದು ಬೌದ್ಧರ ಸಸ್ಯಾಹಾರ. ಅಮ್ಮ ಬಂದಿದ್ದಾಗ ಅಂಥ ಕಡೆ ಕರೆದುಕೊಂಡು ಹೋಗಿದ್ದೆ. ಈರುಳ್ಳಿ ಬೆಳ್ಳುಳ್ಳಿ ಹಾಕಿದ್ದಾರೇನೋ ಕೇಳು ಎಂದರು. ಕೇಳಿದ್ದಕ್ಕೆ, ಅವೆರಡನ್ನೂ ಒಳಗೆ ತರುವುದೇ ಇಲ್ಲ ಎಂದಳು ಗಲ್ಲಾದಲ್ಲಿದ್ದ ಅಜ್ಜಿ. ಮೂಲಂಗಿ, ಕ್ಯಾರೆಟ್, ಅಣಬೆ ಕುದಿಸಿದ ಸಾರು. ಅಮ್ಮ ಬಟ್ಟಲೆತ್ತಿ ಕುಡಿದು, ಉಪ್ಪು ಸ್ವಲ್ಪ ಮುಂದು ಎಂದಷ್ಟೇ ತೀರ್ಪು ಕೊಟ್ಟರು.

ನಿಮ್ಮ ಅಪ್ಪ ಅಮ್ಮನನ್ನೂ ಕರೆದೊಯ್ಯುವುದಾದರೆ ಪಂಚಾಂಗ ನೋಡಿಕೊಳ್ಳಿ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ, ಎಂದರೆ ನಮ್ಮ ಅಮಾವಾಸ್ಯೆ ಹುಣ್ಣಿಮೆಗೆ ಒಂದು ದಿನದ ಆಚೀಚೆ, ಮಾಂಸ ತಿನ್ನುವ ಬೌದ್ಧರೂ ಅದನ್ನು ಬಿಟ್ಟು ಚಾಯ್ ಅಂಗಡಿಗೆ ಬರುತ್ತಾರೆ. ಆ ದಿನ ಹನ್ನೊಂದೂವರೆಯ ಒಳಗೆ ಹೋಗಿ ಕುಳಿತರೆ ಒಳ್ಳೆಯದು. ಆಮೇಲೆ ಬಾಗಿಲ ಹೊರಗೆ ಸಾಲು.