ಏರ್‌ಬ್ರಷ್‌ಗೆ ಗಾಳಿ ಎಲ್ಲಿಂದ?

ಗಾಳಿಯ ಬಲದಿಂದ ಬಣ್ಣ ಸಿಂಪಡಿಸುವ, ಪೆನ್ನಿನಂಥ ಏರ್‌ಬ್ರಷ್ ಹೊಸದಾಗಿ ತಗೊಂಡವರು ಅದಕ್ಕೆ ಗಾಳಿ ಕೊಡುವ ಕಂಪ್ರೆಸರ್ ನೋಡುವಾಗ ಮೊದಲು ಕೇಳುವುದು, ಎಷ್ಟು ಪ್ರೆಶರ್ ಬರುತ್ತದೆ ಅಂತ. ಪ್ಲಾಸ್ಟಿಕ್ ಮಾಡೆಲ್‌ಗೆ ಬಣ್ಣ ಹೊಡೆಯಲು 15ರಿಂದ 25 ಪಿಎಸ್‌ಐ ಸಾಕು. ಕಾರಿನ ಟೈರಿಗೆ ಹಾಕಿಸುವ ಗಾಳಿಗಿಂತಲೂ ಕಡಿಮೆ. ಅಷ್ಟು ಕೊಡುವ ಮೆಷಿನ್ ಬೇಕಾದಷ್ಟು ಸಿಗುತ್ತವೆ. ಗಾಳಿ ಒಂದೇ ಸಮ ಬರುತ್ತದಾ, ಒಣಗಿರುತ್ತದಾ, ಪಕ್ಕದ ಕೋಣೆಯಲ್ಲಿ ಮಲಗಿದವರಿಗೆ ಎಚ್ಚರ ಆಗದ ಹಾಗೆ ಬರುತ್ತದಾ, ಇದನ್ನು ನೋಡಿ.

ನಾನಿರುವುದು ಮಂಗಳೂರಿನಲ್ಲಿ. ಮೊದಲು ತಂದದ್ದು ಟ್ಯಾಂಕ್ ಇಲ್ಲದ ಸಣ್ಣ ಕಂಪ್ರೆಸರ್. ಆಟಿ ತಿಂಗಳ ಮಳೆ, ಗೋಡೆಯೇ ಬೆವರುವ ಕಾಲ. 1/72 ಅಳತೆಯ ಮಿಗ್-21 ಯುದ್ಧವಿಮಾನದ ಮಾಡೆಲ್ ಇಟ್ಟುಕೊಂಡು ಕೂತಿದ್ದೆ, ಎರಡೂ ರೆಕ್ಕೆ ಸೇರಿ ಹತ್ತು ಸೆಂಟಿಮೀಟರ್ ಅಷ್ಟೇ. ಬೆಳ್ಳಿ ಬಣ್ಣ ನುಣ್ಣಗೆ ಕೂರುತ್ತಿತ್ತು. ಎಡ ರೆಕ್ಕೆಯ ಮಧ್ಯಕ್ಕೆ ಬಂದಾಗ ನಳಿಕೆಯಿಂದ ಪಿಚಕ್ ಅಂತ ಒಂದು ಹನಿ ನೀರು. ಬಣ್ಣ ಸುತ್ತ ಸರಿದು ಸಾಸಿವೆ ಗಾತ್ರದ ಬೋಳು ಚುಕ್ಕೆ ಉಳಿಯಿತು. ಅವತ್ತು ನಿಜಕ್ಕೂ ತುಂಬಾ ಬೇಜಾರಾಯಿತು.

ಗಾಳಿಯನ್ನು ಒತ್ತಿದಾಗ ಅದು ಬಿಸಿಯಾಗುತ್ತದೆ. ಹೋಸ್‌ನಲ್ಲಿ ಹೋಗುತ್ತಾ ತಣ್ಣಗಾದಾಗ ಅದರಲ್ಲಿದ್ದ ತೇವ ನೀರಾಗುತ್ತದೆ. ಪಂಪಿನ ಬಾಯಲ್ಲೇ ಗಾಳಿಯಲ್ಲಿನ ನೀರು ಹಿಡಿದಿಡುವ ವಾಟರ್ ಟ್ರ್ಯಾಪ್ ಇದ್ದರೂ ಗಾಳಿ ಅಲ್ಲಿನ್ನೂ ಬಿಸಿಯಾಗಿಯೇ ಇರುತ್ತದಲ್ವಾ, ತೇವ ಹಾಗೆಯೇ ದಾಟಿಬಿಡುತ್ತದೆ. ಅದಕ್ಕೇ ಕರಾವಳಿಯವರು ಬ್ರಷ್‌ನ ಹಿಡಿ ಹತ್ತಿರ ಇನ್ನೊಂದು ಸಣ್ಣ ಟ್ರ್ಯಾಪ್ ಹಾಕಿಸಿಕೊಳ್ಳಿ.

ಈಗ ನನ್ನ ಹತ್ತಿರ ಇರುವುದು ಎಣ್ಣೆ ಬೇಡದ ಪಿಸ್ಟನ್ ಕಂಪ್ರೆಸರ್, ಜೊತೆಗೆ 3 ಲೀಟರ್ ಟ್ಯಾಂಕ್. ನಿಮಿಷಕ್ಕೆ 20 ಲೀಟರ್ ಚಿಲ್ಲರೆ ಗಾಳಿ ಕೊಡುತ್ತದೆ, 0.3 ಮಿ.ಮೀ. ನಳಿಕೆಗೆ ಧಾರಾಳ ಆಯಿತು. ಟ್ಯಾಂಕ್ ಇಲ್ಲದಿದ್ದರೆ ಪಿಸ್ಟನ್‌ನ ಒಂದೊಂದು ಬಡಿತವೂ ತೆಳು ಗೆರೆಯಲ್ಲಿ ಚುಕ್ಕೆ ಚುಕ್ಕೆಯಾಗಿ ಕಾಣಬಹುದು. ಟ್ಯಾಂಕ್ ಇದ್ದರೆ ಆ ಬಡಿತ ಅಲ್ಲೇ ಅಡಗುತ್ತದೆ. 4 ಬಾರ್ (ಸುಮಾರು 58 ಪಿಎಸ್‌ಐ) ತುಂಬಿದಾಗ ಮೋಟಾರ್ ತಾನೇ ನಿಲ್ಲುತ್ತದೆ, 3ಕ್ಕೆ ಇಳಿದಾಗ ಮತ್ತೆ ಶುರು. ಆ ನಡುವೆ ಬುಸ್ ಅನ್ನುವ ಸದ್ದು ಬಿಟ್ಟರೆ ಬೇರೇನೂ ಕೇಳುವುದಿಲ್ಲ. ನೀರೂ ಟ್ಯಾಂಕಿನ ತಳದಲ್ಲಿ ಕೂರುತ್ತದೆ, ಕೆಲಸ ಮುಗಿದ ಮೇಲೆ ಕೆಳಗಿನ ತಿರುಪು ಸಡಿಲಿಸಿ ಬಿಟ್ಟುಬಿಡಿ. ಮಳೆಗಾಲದಲ್ಲಿ ಬರುವ ನೀರು ನೋಡಿದರೆ ಆಶ್ಚರ್ಯ ಆಗುತ್ತದೆ. ಬಿಡದೇ ಇದ್ದರೆ ಟ್ಯಾಂಕ್ ಒಳಗಿಂದಲೇ ತುಕ್ಕು ಹಿಡಿಯುತ್ತದೆ.

ಬೇರೆ ದಾರಿಗಳೂ ಇವೆ. ಕ್ಯಾನ್‌ನಲ್ಲಿ ಬರುವ ಗ್ಯಾಸ್ ಹೊಡೆಯುತ್ತಾ ಹೊಡೆಯುತ್ತಾ ತಣ್ಣಗಾಗಿ ಪ್ರೆಶರ್ ಕುಸಿಯುತ್ತದೆ, ಸುಮ್ನೆ ದುಡ್ಡು ದಂಡ. ಬ್ರಷ್‌ನ ಬುಡಕ್ಕೇ ಸಿಕ್ಕಿಸುವ ಬ್ಯಾಟರಿ ಪಂಪ್ ಸಣ್ಣ ಕೆಲಸಕ್ಕೆ ಪರವಾಗಿಲ್ಲ. ಸೋಡಾ ಮಾಡುವವರು ಇಟ್ಟುಕೊಳ್ಳುವ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಸದ್ದೂ ಮಾಡುವುದಿಲ್ಲ, ತೇವವೂ ಇಲ್ಲ. ಆದರೆ ಮುಚ್ಚಿದ ಕೋಣೆಯಲ್ಲಿ ಆ ಗ್ಯಾಸ್ ತುಂಬಿಕೊಂಡರೆ ಜೀವಕ್ಕೇ ಅಪಾಯ, ಮನೆಯೊಳಗೆ ಬೇಡ ಅನ್ನುವವನು ನಾನು. ಹಳೇ ಫ್ರಿಜ್ಜಿನ ಕಂಪ್ರೆಸರ್ ತುಂಬಾ ಮೆತ್ತಗೆ ಓಡುತ್ತದೆ ನಿಜ, ಆದರೆ ಗಾಳಿಯ ಜೊತೆ ಎಣ್ಣೆ ಬರುತ್ತದೆ. ಅದರ ಪೈಪನ್ನಂತೂ ನೀವೇ ಕತ್ತರಿಸಬೇಡಿ, ಒಳಗೆ ಗ್ಯಾಸ್ ಇರುತ್ತದೆ. ಇನ್ನು ಗಣೇಶನ ಮೂರ್ತಿಗೆ ಬಣ್ಣ ಹೊಡೆಯುವವರ ಹತ್ತಿರ ಇರುವ ದೊಡ್ಡ ಕಂಪ್ರೆಸರ್ ಸ್ಪ್ರೇ ಗನ್ನಿಗೆ ಸರಿ. ಅದನ್ನು ಫ್ಲ್ಯಾಟ್‌ನಲ್ಲಿ ಓಡಿಸಿದರೆ ಕೆಳಗಿನ ಮನೆಯವರು ಖಂಡಿತ ಮೇಲೆ ಬರುತ್ತಾರೆ.

ಪ್ರೆಶರ್ ಹೆಚ್ಚು ಕಡಿಮೆ ಮಾಡುವ ರೆಗ್ಯುಲೇಟರ್ ತಿರುಗಿಸುವಾಗ ಬ್ರಷ್‌ನ ಟ್ರಿಗರ್ ಒತ್ತಿ ಹಿಡಿದೇ ಮೀಟರಿನ ಮುಳ್ಳು ನೋಡಿ, ಗಾಳಿ ಹರಿಯಲು ಶುರುವಾದ ಕೂಡಲೇ ಪ್ರೆಶರ್ ಇಳಿಯುತ್ತದೆ. ಹೋಸ್ ತರುವಾಗ ಎರಡೂ ತುದಿಯ ಥ್ರೆಡ್ ನಿಮ್ಮ ಬ್ರಷ್‌ಗೆ ಮತ್ತು ಕಂಪ್ರೆಸರ್‌ಗೆ ಹೊಂದುತ್ತದಾ ಅಂತ ಅಂಗಡಿಯಲ್ಲೇ ಕೂಡಿಸಿ ನೋಡಿಕೊಳ್ಳಿ. ಮನೆಗೆ ತಂದು ಜೋಡಿಸಿದ ಮೇಲೆ ಕೀಲುಗಳಿಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಬಂದರೆ ಬಿಚ್ಚಿ, ಟೆಫ್ಲಾನ್ ಟೇಪ್ ಸುತ್ತಿ ಮತ್ತೆ ಬಿಗಿ ಮಾಡಿ.