ಪಾರ್ಸರ್ ಮೇಲೆ ಸುಮ್ನೆ ರೇಗಾಡಿದೆ

ಗೋಣಿಕೊಪ್ಪದಲ್ಲಿ ಚಿಕ್ಕಪ್ಪಂದು ಕಾಫಿ, ಕಾಳುಮೆಣಸು ತಗೊಳ್ಳೋ ಅಂಗಡಿ, ಅದಕ್ಕೊಂದು ಓಬೀರಾಯನ ಕಾಲದ ವೆಬ್‌ಪೇಜೂ ಇದೆ. ಅರೇಬಿಕಾ ಪಾರ್ಚ್‌ಮೆಂಟು (ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ್ದು), ಅರೇಬಿಕಾ ಚೆರ್ರಿ (ಹಣ್ಣನ್ನ ಹಂಗೇ ಒಣಗಿಸಿದ್ದು), ರೋಬಸ್ಟಾ ಪಾರ್ಚ್‌ಮೆಂಟು, ರೋಬಸ್ಟಾ ಚೆರ್ರಿ, ಕೊನೇಲಿ ಮೆಣಸು, ಐದು ಸಾಲಿನ ಟೇಬಲ್ಲು ಅಷ್ಟೇ. ಈಗ ಕಣದ ತುಂಬಾ ಚೆರ್ರಿ ಒಣಗ್ತಿರೋ ಟೈಮು, ರೇಟು ದಿನಾ ಏರಿಳಿಯತ್ತೆ, "ಲೇ, ನೀನ್ ಹೆಂಗೂ ಕಂಪ್ಯೂಟರ್ ಮುಂದೇನೇ ಕೂತಿರ್ತೀಯಲ್ಲ, ಇದೊಂದು ತಾನಾಗೇ ಬದಲಾಗೋ ಹಂಗೆ ಮಾಡ್ಕೊಡು" ಅಂದ್ರು.

ಮೊದ್ಲು ರೆಜೆಕ್ಸ್ (ಅಕ್ಷರಗಳ ಮಾದರಿ ಕೊಟ್ಟು ಹುಡುಕೋ ವಿಧಾನ) ಹಿಡ್ಕೊಂಡು ಒದ್ದಾಡಿದ್ದು ಹೇಳ್ಕೊಳ್ಳೋಕೂ ನಾಚ್ಕೆ, ಬಿಡಿ. ಆಮೇಲೆ ನೋಡ್‌ಜೆಎಸ್‌ನಲ್ಲಿ (ಜಾವಾಸ್ಕ್ರಿಪ್ಟ್ ಓಡಿಸೋ ಸಾಧನ) ಪಾರ್ಸ್5 ಅನ್ನೋ ಎಚ್‌ಟಿಎಂಎಲ್ ಪಾರ್ಸರ್ ಲೈಬ್ರರಿ ಹಾಕ್ಕೊಂಡೆ, ಪೇಜ್ ಪಾರ್ಸ್ ಮಾಡಿದೆ, ಅಂದ್ರೆ ಪೇಜಿನ ಕೋಡನ್ನ ಓದಿಸಿ ಟ್ಯಾಗ್ ಒಳಗೆ ಟ್ಯಾಗ್ ಇರೋ ಮರದ ಥರ ಜೋಡಿಸ್ಕೊಂಡೆ, ಆ ಮರದಲ್ಲಿ ರೇಟು ಬದಲಾಯಿಸಿದೆ, ಸೀರಿಯಲೈಜ್ ಮಾಡಿ (ಮರಾನ ಮತ್ತೆ ಕೋಡಾಗಿಸಿ) ಫೈಲಿಗೆ ಬರೆದೆ, ಅರ್ಧ ಗಂಟೆ ಕೆಲಸ ಅಂತ ಖುಷೀಲಿ ಚಿಕ್ಕಪ್ಪಂಗೆ ಲಿಂಕ್ ಕಳಿಸಿದ್ರೆ ಫೋನ್ ಬಂತು. "ಏನೋ ಇದು, 'ಮೇಲಿನ ರೇಟು 50 ಕೆಜಿ ಚೀಲಕ್ಕೆ, ಮೆಣಸು ಕೆಜಿಗೆ' ಅಂತ ಎಲ್ಲಕ್ಕಿಂತ ಮೇಲೇ ಇದೆ, ಅದರ ಮೇಲೆ ರೇಟೇ ಇಲ್ವಲ್ಲೋ?"

ನೋಡಿದ್ರೆ ಹೌದು. ಫೈಲಲ್ಲಿ ಆ ಸಾಲು ಟೇಬಲ್ಲಿನ ಕೊನೇಲಿತ್ತು, ಆದ್ರೆ ಯಾವ ಟಿಡಿ (ಟೇಬಲ್ಲಿನ ಒಂದು ಖಾನೆ) ಒಳಗೂ ಇರ್ಲಿಲ್ಲ, ಪಾರ್ಸರ್ ಅದನ್ನ ಎತ್ತಿ ಟೇಬಲ್ಲಿನ ಮುಂದಕ್ಕೆ ಇಟ್ಟಿತ್ತು. ಲೈಬ್ರರಿಗೆ ಬಾಯಿಗೆ ಬಂದಂಗೆ ಬೈದು, ಸುಮ್ನೆ ಇರ್ಲಿ ಅಂತ ಹಳೇ ಫೈಲನ್ನ ಕ್ರೋಮಲ್ಲಿ ತೆಗೆದ್ರೆ ಅಲ್ಲೂ ಆ ಸಾಲು ಮೇಲೇನೇ! ಟೇಬಲ್ ಒಳಗೆ ಬಿಡಿಯಾಗಿ ಬಿದ್ದಿರೋ ಮಾತನ್ನ ಟೇಬಲ್ಲಿಗಿಂತ ಮುಂಚೆ ಹಾಕು ಅಂತ ಎಚ್‌ಟಿಎಂಎಲ್ ಸ್ಪೆಕ್ಕೇ (ಅದರ ಅಧಿಕೃತ ನಿಯಮಾವಳಿ) ಹೇಳತ್ತೆ, ಅದಕ್ಕೆ ಫಾಸ್ಟರ್ ಪೇರೆಂಟಿಂಗ್ ಅಂತ ಹೆಸರು ಬೇರೆ. ಬ್ರೌಸರ್ ಮಾಡೋದನ್ನೇ ಪಾರ್ಸ್5 ಮಾಡಿದ್ದು. ಇಷ್ಟು ವರ್ಷ ಚಿಕ್ಕಪ್ಪ ತಮ್ಮ ಪೇಜನ್ನ ತಾವೇ ಸರಿಯಾಗಿ ನೋಡಿರ್ಲಿಲ್ಲ, ಅಷ್ಟೇ.

ನಂಗೆ ನಿಜವಾಗ್ಲೂ ತಲೆನೋವಾಗಿದ್ದು ಗಿಟ್ ಡಿಫು, ಅಂದ್ರೆ ಹಳೇ ಫೈಲಿಗೂ ಹೊಸದಕ್ಕೂ ಯಾವ ಸಾಲು ಬದಲಾಗಿದೆ ಅಂತ ತೋರಿಸೋ ಪಟ್ಟಿ. ಐದು ರೇಟು ಬದಲಾಯಿಸಿದ್ದಕ್ಕೆ ಹೆಚ್ಚುಕಮ್ಮಿ ಇಡೀ ಫೈಲೇ ಕೆಂಪು-ಹಸಿರು. ದೊಡ್ಡಕ್ಷರದ ಟ್ಯಾಗೆಲ್ಲ ಚಿಕ್ಕಕ್ಷರ ಆಗಿತ್ತು, ಕೋಟ್ಸ್ ಇಲ್ದಿರೋ ಆಟ್ರಿಬ್ಯೂಟಿಗೆ ಡಬಲ್ ಕೋಟ್ಸ್ ಬಂದಿತ್ತು, ಸಾಲು ಮುರಿಯೋ ಬಿಆರ್ ಟ್ಯಾಗ್ ಒಳಗಿನ ಸ್ಲ್ಯಾಶ್ ಮಾಯ, ಯಾರೂ ಬರೀದಿರೋ ಟಿಬಾಡಿ ಟ್ಯಾಗ್ (ಟೇಬಲ್ಲಿನ ಸಾಲುಗಳನ್ನ ಸುತ್ತೋದು) ಬಂದು ಕೂತಿತ್ತು. ತಪ್ಪು ಅಂತಲ್ಲ, ಪಾರ್ಸರ್ ನೆನಪಿಟ್ಕೊಳ್ಳೋದು ಮರಾನ, ನಾವು ಟೈಪ್ ಮಾಡಿದ ಅಕ್ಷರಾನ ಅಲ್ಲ, ಅಲ್ಲಿಂದ ವಾಪಸ್ ಬರೆಯುವಾಗ ಅದು ತನ್ನ ಶೈಲೀಲೇ ಬರೆಯತ್ತೆ.

ಅದಕ್ಕೆ ಸೀರಿಯಲೈಜ್ ಮಾಡೋದನ್ನೇ ಬಿಟ್ಟೆ. ಪಾರ್ಸ್ ಮಾಡುವಾಗ ಸೋರ್ಸ್‌ಕೋಡ್‌ಲೊಕೇಶನ್‌ಇನ್ಫೋ ಅನ್ನೋ ಆಪ್ಷನ್ನಿಗೆ ಟ್ರೂ ಕೊಟ್ರೆ ಮರದ ಪ್ರತಿ ನೋಡೂ (ಒಂದು ಟ್ಯಾಗೋ, ಟೆಕ್ಸ್ಟ್ ತುಣುಕೋ) ಮೂಲ ಫೈಲಲ್ಲಿ ಎಷ್ಟನೇ ಅಕ್ಷರದಿಂದ ಎಷ್ಟನೇದರವರೆಗೆ ಇತ್ತು ಅಂತ ಸಿಗತ್ತೆ (ಪಾರ್ಸರೇ ಹುಟ್ಟಿಸಿದ ಟಿಬಾಡಿಗೆ ಮಾತ್ರ ಸಿಗಲ್ಲ, ಅದು ಫೈಲಲ್ಲಿದ್ರೆ ತಾನೇ). ರೇಟಿನ ಟೆಕ್ಸ್ಟ್ ನೋಡ್ ಹುಡುಕಿ ಅಷ್ಟು ಜಾಗಾನ ಮಾತ್ರ ಮೂಲ ಸ್ಟ್ರಿಂಗಲ್ಲಿ ಕತ್ತರಿಸಿ ಹೊಸ ನಂಬರ್ ಅಂಟಿಸ್ತೀನಿ. ಕೆಳಗಿಂದ ಮೇಲಕ್ಕೆ ಬರ್ಬೇಕು, ಮೇಲಿಂದ ಶುರು ಮಾಡಿದ್ರೆ ಒಂದು ಅಂಕಿ ಹೆಚ್ಚಾದ್ರೂ ಮುಂದಿನ ಲೆಕ್ಕ ಎಲ್ಲ ಜಾರತ್ತೆ, ನಂಗೆ ಮೊದಲ ಸಲ ಮೆಣಸಿನ ರೇಟು ಟ್ಯಾಗಿನ ಮಧ್ಯ ಹೋಗಿ ಕೂತಿತ್ತು.

ಆ 50 ಕೆಜಿ ಸಾಲನ್ನ ಕೈಯಾರೆ ಟೇಬಲ್ಲಿಂದ ಆಚೆ, ಕೆಳಗೆ ಇಟ್ಟೆ. ನಿನ್ನೆ ಸಂಜೆ ರನ್ ಮಾಡಿದ್ರೆ ಡಿಫಲ್ಲಿ ನಾಲ್ಕೇ ಸಾಲು, ಮೆಣಸಿನ ರೇಟು ಬದಲಾಗಿರ್ಲಿಲ್ಲ.