ನಾಲ್ಕು ಅಡಿ ಅಗಲದ ಬಾತ್‌ರೂಮಿನಲ್ಲಿ ಬಕೆಟ್ ಎಲ್ಲಿಡೋದು?

ಬೆಂಗಳೂರಿನ 20×30, 30×40 ಅಡಿ ಸೈಟುಗಳ ಮನೆಗಳಿಗೆ ಒಳಗಿನ ಪ್ಲಾನ್ ಮಾಡಿಕೊಡುವುದು ನನ್ನ ಕೆಲಸ. ಇಂಥ ಮನೆಗಳಲ್ಲಿ ಹಾಲ್, ಅಡುಗೆಮನೆ, ದೇವರಮನೆ, ಮೆಟ್ಟಿಲು, ಕಾರು ಎಲ್ಲ ತಮ್ಮ ತಮ್ಮ ಪಾಲು ತಗೊಂಡ ಮೇಲೆ ಉಳಿದದ್ದು ಅಟ್ಯಾಚ್ಡ್ ಬಾತ್‌ರೂಮಿಗೆ. ಹೆಚ್ಚಿನ ಕಡೆ ಅದು ನಾಲ್ಕು ಅಡಿ ಅಗಲ, ಏಳು ಅಡಿ ಉದ್ದ. ಸ್ನಾನ ಮತ್ತು ಕಮೋಡ್ ಒಂದೇ ಕಡೆ ಇದ್ದರೆ ಕನಿಷ್ಠ 2.8 ಚದರ ಮೀಟರ್ ಇರಬೇಕು, ಅಗಲ 1.2 ಮೀಟರಿಗೆ ಕಡಿಮೆ ಆಗಬಾರದು ಅನ್ನುತ್ತದೆ ನ್ಯಾಷನಲ್ ಬಿಲ್ಡಿಂಗ್ ಕೋಡ್. ನಾಲ್ಕು ಏಳಲಿ ಇಪ್ಪತ್ತೆಂಟು ಚದರ ಅಡಿ, ಅಂದರೆ 2.6 ಚದರ ಮೀಟರ್. ಉದ್ದ ಏಳೂವರೆ ಆದರೆ ಲೆಕ್ಕ ಹೆಚ್ಚೂಕಡಿಮೆ ಸರಿಹೋಗುತ್ತದೆ. ಗೋಡೆ ಏಳುವ ಮೊದಲೇ ನನ್ನನ್ನು ಕರೆದರೆ ಆ ಅರ್ಧ ಅಡಿಗಾಗಿ ಬೆಡ್‌ರೂಮಿನ ಜೊತೆ ಜಗಳ ಆಡುತ್ತೇನೆ. ಸಾಮಾನ್ಯವಾಗಿ ಕರೆಯುವುದು ಗೋಡೆ ಎದ್ದ ಮೇಲೆ.

ಆ ನಾಲ್ಕು ಅಡಿಯೂ ಪೂರ್ತಿ ಸಿಗುವುದಿಲ್ಲ. ಪ್ಲಾನಿನಲ್ಲಿ ಬರೆದಿರುವುದು ಇಟ್ಟಿಗೆಯಿಂದ ಇಟ್ಟಿಗೆಗೆ. ಅದರ ಮೇಲೆ ಪ್ಲಾಸ್ಟರ್, ಆಮೇಲೆ ಅಂಟು, ಆಮೇಲೆ ಟೈಲ್ಸ್. ಒಂದೊಂದು ಕಡೆ ಒಂದೂಕಾಲು, ಒಂದೂವರೆ ಇಂಚು ಹೋಯಿತು. ಗೋಡೆ ನೆಟ್ಟಗೆ ಇಲ್ಲದಿದ್ದರೆ ಇನ್ನೂ ಜಾಸ್ತಿ. ಹಾಗಾಗಿ ನನ್ನ ಲೆಕ್ಕ ಶುರುವಾಗುವುದೇ ಮೂರು ಅಡಿ ಒಂಬತ್ತು ಇಂಚಿನಿಂದ. ಉದ್ದ ಆರು ಅಡಿ ಒಂಬತ್ತು. ಈ ಮೂರು ಇಂಚನ್ನು ಮರೆತು ಬೇಸಿನ್, ಕಮೋಡ್ ಆರಿಸಿಕೊಂಡು ಬಂದವರೇ ಜಾಸ್ತಿ.

ಈ ಜಾಗದಲ್ಲಿ ನಾನು ಮೊದಲು ಬರೆಯುವುದು ಮನುಷ್ಯರನ್ನು. ಒಬ್ಬರು ಕಮೋಡಿನ ಮೇಲೆ ಕೂತಿದ್ದಾರೆ, ಮೊಣಕಾಲು ಎಲ್ಲಿಗೆ ಬರುತ್ತದೆ? ಒಬ್ಬರು ಮುಖ ತೊಳೆಯಲು ಬಗ್ಗಿದ್ದಾರೆ, ಹಿಂಭಾಗ ಬಾಗಿಲಿಗೆ ತಗುಲುತ್ತಾ? ಒಬ್ಬರು ಸ್ಟೂಲಿನ ಮೇಲೆ ಕೂತು ಚೊಂಬಿನಲ್ಲಿ ನೀರು ಹೊಯ್ಕೊಳ್ಳುತ್ತಿದ್ದಾರೆ, ಮೊಣಕೈ ಎಲ್ಲಿಯವರೆಗೆ ಹೋಗುತ್ತದೆ? ಇಷ್ಟು ಗುರುತಾದ ಮೇಲೆ ಉಳಿದ ಜಾಗದಲ್ಲಿ ಸಾಮಾನು.

ನಾಗರಬಾವಿ ಕಡೆಯ ಒಂದು ಮನೆ. ಸಂಕನ್, ಅಂದರೆ ಪೈಪಿಗಾಗಿ ತಗ್ಗಿಸಿ ಬಿಟ್ಟ ನೆಲ, ಅದನ್ನು ತುಂಬಿಸಿ ಗಟ್ಟಿ ಮಾಡಿದ್ದರು, ಟೈಲ್ಸ್ ಇನ್ನೂ ಬಂದಿರಲಿಲ್ಲ. ಗಂಡ ಹೆಂಡತಿ ಫೋನಿನಲ್ಲಿ ಫೋಟೋ ತಂದಿದ್ದರು. ಗಾಜಿನ ಕ್ಯುಬಿಕಲ್, ತಲೆ ಮೇಲೆ ತಟ್ಟೆಯಷ್ಟಗಲದ ಶವರ್, ಗೋಡೆಗೆ ತೂಗುವ ಕಮೋಡ್. ನಾನು ಸೀಮೆಸುಣ್ಣ ತಗೊಂಡು ಅದೆಲ್ಲವನ್ನೂ ನೆಲದ ಮೇಲೆ ಸರಿಯಾದ ಅಳತೆಗೆ ಬರೆದೆ. ಕಮೋಡಿನ ಗೆರೆಯೊಳಗೆ ಪ್ಲಾಸ್ಟಿಕ್ ಕುರ್ಚಿ ಇಟ್ಟು, "ಸಾರ್, ಒಂದ್ಸಲ ಕೂತ್ಕೊಳ್ಳಿ" ಅಂದೆ. ನಗುತ್ತಲೇ ಕೂತರು. ಆರಡಿ ಆಳು. ಮೊಣಕಾಲು ಎದುರು ಗೋಡೆಗೆ ತಗುಲಿತು.

ಅಷ್ಟು ಹೊತ್ತು ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವರ ತಾಯಿ ಆಗ ಬಾಯಿಬಿಟ್ಟರು. "ಎಲ್ಲಾ ಸರಿ ಕಣಮ್ಮ, ಬಕೆಟ್ ಎಲ್ಲಿಡೋದು?"

ಗಾರೆ ಕೆಲಸದ ಬಕೆಟ್ಟನ್ನೇ ತರಿಸಿ ಗಾಜಿನ ಗೆರೆಯೊಳಗೆ ಇಟ್ಟೆವು. ಇಪ್ಪತ್ತು ಲೀಟರ್ ಬಕೆಟ್ಟಿನ ಬಾಯಿಯೇ ಒಂದಡಿಗಿಂತ ಜಾಸ್ತಿ. ಪಕ್ಕದಲ್ಲಿ ಸ್ಟೂಲ್. ಅಜ್ಜಿ ಕೂತು ಚೊಂಬು ಎತ್ತಿದ ಹಾಗೆ ಮಾಡಿದರು. ಕೈ ಗಾಜಿನ ಗೆರೆ ದಾಟಿ ಹೊರಗೆ ಬಂತು. ಕ್ಯುಬಿಕಲ್ ಮಾತು ಅಲ್ಲಿಗೆ ಮುಗಿಯಿತು. ನಾನು ಹತ್ತು ಡ್ರಾಯಿಂಗ್ ತೋರಿಸಿದ್ದರೂ ಇಷ್ಟು ಬೇಗ ಮುಗಿಯುತ್ತಿರಲಿಲ್ಲ.

ಫೋಟೋದಲ್ಲಿರುವ ಬಾತ್‌ರೂಮುಗಳು ಬರೀ ಶವರಿನವರದ್ದು. ನಮ್ಮ ಮನೆಗಳಲ್ಲಿ ಶವರ್ ಇದ್ದರೂ ಬಕೆಟ್ ಇರುತ್ತದೆ. ನೀರು ಬಾರದ ದಿನ ತುಂಬಿಡಲಿಕ್ಕೆ, ಬಟ್ಟೆ ನೆನೆಸಲಿಕ್ಕೆ, ವಯಸ್ಸಾದವರಿಗೆ, ಮಗುವಿಗೆ. ಹಾಗಾಗಿ ಸ್ನಾನದ ಜಾಗಕ್ಕೆ ಮೂರು ಅಡಿ ಬಿಡದೆ ನಾನು ಮುಂದೆ ಹೋಗುವುದಿಲ್ಲ. ಬಕೆಟ್ ತುಂಬುವ ನಲ್ಲಿ ಮೂಲೆಯಲ್ಲಿ, ನೆಲದಿಂದ ಎರಡು ಅಡಿ ಎತ್ತರಕ್ಕೆ. ನೀರನ್ನು ನಲ್ಲಿಗೋ ಶವರಿಗೋ ತಿರುಗಿಸುವ ಡೈವರ್ಟರಿನ ಹಿಡಿ ಮಾತ್ರ ಶವರಿನ ನೇರ ಕೆಳಗೆ ಬೇಡ, ಸ್ವಲ್ಪ ಪಕ್ಕಕ್ಕೆ ಇರಲಿ. ಇಲ್ಲದಿದ್ದರೆ ಬೆಳಗಿನ ಜಾವ ತಣ್ಣೀರು ಮೊದಲು ತಲೆ ಮೇಲೆ ಬೀಳುತ್ತದೆ.

ಆ ಮನೆಗೆ ಕೊನೆಗೆ ಮಾಡಿದ್ದು ಹೀಗೆ. ಬಾಗಿಲು ಸಣ್ಣ ಗೋಡೆಯಲ್ಲಿ. ಒಳಗೆ ಹೋದರೆ ಒಂದೇ ಉದ್ದ ಗೋಡೆಗೆ ಸಾಲಾಗಿ ಬೇಸಿನ್, ಕಮೋಡ್, ಕೊನೆಯಲ್ಲಿ ಕಿಟಕಿ ಕೆಳಗೆ ಸ್ನಾನ. ಬೇಸಿನ್ನಿಗೆ ಒಂದೂಕಾಲು ಅಡಿ, ಕಮೋಡಿಗೆ ಎರಡೂವರೆ, ಸ್ನಾನಕ್ಕೆ ಮೂರು. ಕೂಡಿದರೆ ಆರು ಅಡಿ ಒಂಬತ್ತು ಇಂಚು, ಚೂರೂ ವ್ಯರ್ಥ ಇಲ್ಲ. ಕಮೋಡಿನ ಎರಡೂವರೆ ಅಡಿಯಲ್ಲಿ ಮಾತ್ರ ಕೈ ಹಾಕಬಾರದು. ನಡುವಿನಿಂದ ಎರಡೂ ಕಡೆ ಹದಿನೈದು ಇಂಚು ಇಲ್ಲದಿದ್ದರೆ ಕೂತವರಿಗೆ ಭುಜ ಮಡಚಿಕೊಂಡು ಕೂರಬೇಕಾಗುತ್ತದೆ. ನೀರಿನ ಪೈಪೆಲ್ಲ ಒಂದೇ ಗೋಡೆಯಲ್ಲಿ ಹೋದ್ದರಿಂದ ಪ್ಲಂಬರಿಗೂ ಖುಷಿ. ಎದುರು ಗೋಡೆ ಒಡೆಯುವ ಕೆಲಸವೇ ಬರಲಿಲ್ಲ.

ಇನ್ನು ಮೊಣಕಾಲಿನ ವಿಷಯ. ಟ್ಯಾಂಕ್ ಹಿಂದೆಯೇ ಅಂಟಿಕೊಂಡ ಮಾಮೂಲಿ ಕಮೋಡ್ ಗೋಡೆಯಿಂದ ಸುಮಾರು ಇಪ್ಪತ್ತೇಳು ಇಂಚು ಮುಂದೆ ಬರುತ್ತದೆ. ನಮ್ಮ ನಲವತ್ತೈದು ಇಂಚಿನಲ್ಲಿ ಉಳಿಯುವುದು ಹದಿನೆಂಟು. ಸಾಲದು. ಇಪ್ಪತ್ತೊಂದಾದರೂ ಬೇಕು. ಗೋಡೆಗೆ ತೂಗುವ ಕಮೋಡ್ ಇಪ್ಪತ್ತೊಂದು ಇಂಚು ಮಾತ್ರ ಮುಂದೆ ಬರುತ್ತದೆ, ಆರು ಇಂಚು ಉಳಿಯಿತು ಅಂತ ಅಂಗಡಿಯವರು ಹೇಳುತ್ತಾರೆ. ಹೇಳಿದ್ದು ಅರ್ಧ ನಿಜ. ಅದರ ಟ್ಯಾಂಕ್ ಗೋಡೆಯೊಳಗೆ ಕೂರಬೇಕು. ನಾಲ್ಕೂವರೆ ಇಂಚಿನ ಗೋಡೆಯಲ್ಲಿ ಅದಕ್ಕೆ ಜಾಗ ಎಲ್ಲಿ? ಗೋಡೆಯ ಮುಂದೆ ಐದಾರು ಇಂಚಿನ ಇನ್ನೊಂದು ಗೋಡೆ ಕಟ್ಟುತ್ತಾರೆ. ಉಳಿಸಿದ್ದು ಅಲ್ಲಿಗೇ ಹೋಯಿತು. ಕಮೋಡಿನ ಹಿಂದೆ ಪೈಪುಗಳು ಇಳಿಯುವ ಸಂದಿ, ಅಂದರೆ ಡಕ್ಟ್ ಇದ್ದು, ಟ್ಯಾಂಕನ್ನು ಆ ಕಡೆಗೆ ತಳ್ಳಲು ಸಾಧ್ಯವಾದರೆ ಮಾತ್ರ ನಿಜವಾದ ಉಳಿತಾಯ. ಈ ಮನೆಯಲ್ಲಿ ಡಕ್ಟ್ ಅಲ್ಲೇ ಇತ್ತು, ಹಾಗಾಗಿ ಆಯಿತು. ಇಲ್ಲದ ಕಡೆ ನಾನು ಹಳೇ ಪದ್ಧತಿಯನ್ನೇ ಹೇಳುತ್ತೇನೆ. ಬರೀ ಸೀಟು, ಮೇಲೆ ಗೋಡೆಗೆ ತೆಳ್ಳನೆ ಪ್ಲಾಸ್ಟಿಕ್ ಟ್ಯಾಂಕ್. ಅಂದ ಕಮ್ಮಿ. ಆದರೆ ಎರಡು ಮೂರು ಇಂಚು ಉಳಿಯುತ್ತದೆ, ರಿಪೇರಿಗೂ ಗೋಡೆ ಒಡೆಯಬೇಕಾಗಿಲ್ಲ.

ಕಮೋಡ್ ಕೊಳ್ಳುವ ಮೊದಲೇ ಪೈಪ್ ಹಾಕಿಸಿಬಿಡುವ ಅವಸರ ಬೇಡ. ನೆಲಕ್ಕೆ ಇಳಿಯುವ ಎಸ್ ಟ್ರ್ಯಾಪ್ ಕಮೋಡುಗಳು 4, 9, 12 ಇಂಚು ಅಂತ ಬೇರೆ ಬೇರೆ ಬರುತ್ತವೆ. ಟೈಲ್ಸ್ ಆದ ಗೋಡೆಯಿಂದ ಪೈಪಿನ ನಡುವಿಗೆ ಇರುವ ದೂರ ಅದು. ಪೈಪ್ ಹನ್ನೆರಡಕ್ಕೆ ಬಿಟ್ಟು ಒಂಬತ್ತರ ಕಮೋಡ್ ತಂದರೆ ಹಿಂದೆ ಮೂರು ಇಂಚು ಸುಮ್ನೆ ಖಾಲಿ, ಕಸ ಸೇರಲಿಕ್ಕೆ. ಸಣ್ಣ ಬಾತ್‌ರೂಮಿನಲ್ಲಿ ಮೂರು ಇಂಚು ಎಷ್ಟು ದೊಡ್ಡದು ಅಂತ ಮೇಲೆ ನೋಡಿದಿರಲ್ಲ. ಹಳೇ ಮನೆಯ ಬೆಡ್‌ರೂಮಿನ ಮೂಲೆಯಲ್ಲಿ ಹೊಸದಾಗಿ ಬಾತ್‌ರೂಮ್ ಮಾಡುವವರಿಗೆ ಇನ್ನೊಂದು ಮಾತು. ಕಮೋಡ್ ಹೊರಗೋಡೆಗೇ ಇರಲಿ, ಗೋಡೆಯಿಂದಲೇ ಹೊರಗೆ ಹೋಗುವ ಪಿ ಟ್ರ್ಯಾಪ್ ಇರಲಿ. ನಾಲ್ಕಿಂಚಿನ ಪೈಪಿಗೆ ಅಡಿಗೆ ಕಾಲು ಇಂಚು ವಾಟ, ಅಂದರೆ ಇಳಿಜಾರು ಕೊಡಬೇಕು. ಅಲ್ಲಿ ಸಂಕನ್ ಇರುವುದಿಲ್ಲವಾದ್ದರಿಂದ ಕಮೋಡ್ ಒಳಗೆ ಸರಿದಷ್ಟೂ ನೆಲ ಎತ್ತರಿಸಬೇಕಾಗುತ್ತದೆ.

ವಾಸ್ತು ಕೇಳುವವರ ಜೊತೆ ನಾನು ವಾದ ಮಾಡುವುದಿಲ್ಲ. ಕಮೋಡ್ ಉತ್ತರ ದಕ್ಷಿಣ ಇರಬೇಕು ಅನ್ನುವುದಾದರೆ ಸೀಮೆಸುಣ್ಣ ಹಿಡಿಯುವ ಮೊದಲೇ ಹೇಳಿ ಅನ್ನುತ್ತೇನೆ, ಅಷ್ಟೇ.

ಗಾಜು ಬೇಡ ಅಂದದ್ದಕ್ಕೆ ಇನ್ನೊಂದು ಕಾರಣ ನೀರು. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿದ್ದರೆ ಗಾಜಿನ ಮೇಲೆ ಬಿಳಿ ಕಲೆ ಕೂರುತ್ತದೆ. ದಿನಾ ಒರೆಸುವವರು ಯಾರು? ಅದರ ಬದಲು ಸ್ನಾನದ ಜಾಗವನ್ನು ಅರ್ಧ ಇಂಚು ತಗ್ಗಿಸಿ ಅಂಚಿಗೆ ಒಂದು ಗ್ರಾನೈಟ್ ಪಟ್ಟಿ ಕೂರಿಸಿದೆವು. ನೆಲದ ನೀರು ಹೋಗುವ ನಹಾನಿ ಟ್ರ್ಯಾಪ್ ದೂರದ ಮೂಲೆಯಲ್ಲಿ. ನೆಲಕ್ಕೆ ಒಂದಡಿ ಚೌಕದ, ಜಾರದ ಟೈಲ್ಸ್. ಎರಡಡಿ ನಾಲ್ಕಡಿ ಟೈಲ್ಸ್ ಗೋಡೆಗೆ ಬೇಕಾದರೆ ಹಾಕಿಕೊಳ್ಳಿ, ಇಷ್ಟು ಸಣ್ಣ ನೆಲದಲ್ಲಿ ಅದಕ್ಕೆ ಮೂಲೆಗೆ ವಾಟ ಕೊಡುವುದು ಕಷ್ಟ. ನಮ್ಮ ಮೇಸ್ತ್ರಿ ಟೈಲ್ಸ್ ಕೂರಿಸಿದ ಮೇಲೆ ಒಂದು ಚೊಂಬು ನೀರು ಚೆಲ್ಲಿ ಅದು ಹೋಗುವ ದಾರಿ ನೋಡುತ್ತಾರೆ. ನಿಂತರೆ ಅಂಟು ಒಣಗುವ ಮೊದಲೇ ಕೀಳಿಸುತ್ತಾರೆ.

ಬಾಗಿಲು ಹೊರಗೆ ತೆರೆಯುವಂತೆ ಮಾಡಿದೆವು. ಒಳಗೆ ತೆರೆದರೆ ಬೇಸಿನ್ ಮುಂದೆ ನಿಲ್ಲಲು ಜಾಗವೇ ಇಲ್ಲ. ಅಜ್ಜಿ ಒಳಗೆ ಬಿದ್ದರೆ ಹೊರಗಿನಿಂದ ತೆಗೆಯಲೂ ಆಗುವುದಿಲ್ಲ. ಬೆಡ್‌ರೂಮಿನ ವಾರ್ಡ್‌ರೋಬ್ ಆರು ಇಂಚು ಸರಿಯಬೇಕಾಯಿತು, ಸರಿಸಿದರು. ಫ್ರೇಮ್ ಗ್ರಾನೈಟಿನದು. ಎರಡೂವರೆ ಅಡಿ ಸಂದಿಗೆ ಎರಡೂವರೆ ಇಂಚು ದಪ್ಪದ ಮರ ಹಾಕಿದರೆ ಓಡಾಡಲು ಸಿಗುವುದು ಎರಡಡಿ ಒಂದಿಂಚು. ಮುಕ್ಕಾಲಿಂಚಿನ ಗ್ರಾನೈಟ್ ಹಾಕಿದರೆ ಎರಡಡಿ ನಾಲ್ಕೂವರೆ. ನೀರಿಗೆ ಕೊಳೆಯುವುದೂ ಇಲ್ಲ. ಜಾರುವ ಬಾಗಿಲು ಕೇಳಿದ್ದರು. ಸದ್ದು, ವಾಸನೆ ಎರಡೂ ಬೆಡ್‌ರೂಮಿಗೆ ಬರುತ್ತದೆ ಅಂದ ಮೇಲೆ ಬಿಟ್ಟರು.

ಗೀಸರ್ ಬಾಗಿಲ ಮೇಲೆ ಅಡ್ಡಕ್ಕೆ, ಸ್ನಾನ ಮಾಡುವವರ ತಲೆ ಮೇಲಲ್ಲ. ಅಡ್ಡ ಗೀಸರಿನ ಕಾಯಿಲ್ ಪಕ್ಕದಿಂದ ಬಿಚ್ಚಬೇಕು, ಆ ಕಡೆ ಒಂದಡಿ ಬಿಡಿ. ಗೋಡೆಗೆ ಒತ್ತಿ ಕೂರಿಸಿದ್ದರೆ ಕಾಯಿಲ್ ಬದಲಿಸಲು ಬಂದವನು ಇಡೀ ಗೀಸರನ್ನೇ ಇಳಿಸುತ್ತಾನೆ, ಅದಕ್ಕೆ ಬೇರೆ ಕೂಲಿ.

ಪೈಪ್ ಎಲ್ಲ ಹಾಕಿದ ಮೇಲೆ, ಪ್ಲಾಸ್ಟರ್ ಮುಚ್ಚುವ ಮೊದಲು ಪ್ರತಿ ಗೋಡೆಗೂ ಟೇಪ್ ಹಿಡಿದು ಫೋಟೋ ತೆಗೆದು ಮನೆಯವರಿಗೆ ಕಳಿಸುತ್ತೇನೆ. ಇಂಥ ಬಾತ್‌ರೂಮಿನಲ್ಲಿ ಟವೆಲ್ ರಾಡ್, ಕನ್ನಡಿ, ಸೋಪಿನ ತಟ್ಟೆ ಎಲ್ಲವೂ ಪೈಪಿರುವ ಗೋಡೆಗೇ ಬರುತ್ತವೆ. ಡ್ರಿಲ್ ಹಿಡಿದು ಬರುವವನಿಗೆ ಪೈಪ್ ಎಲ್ಲಿದೆ ಅಂತ ಗೊತ್ತಿರುವುದಿಲ್ಲ, ಅಲ್ವಾ? ಆ ಫೋಟೋ ತೋರಿಸಿದರೆ ಸಾಕು.